ಬದು ದಾಟಿದ ಸವಳು

ಕಾಲುವೆ ನೀರು ಬಂದ ಹೊಸತರಲ್ಲಿ ಕಾಶವ್ವನ ಹೊಲದ ಕಬ್ಬು ನೋಡಲು ಊರವರೆಲ್ಲ ಬರುತ್ತಿದ್ದರು...

ಈಗ ಅದೇ ಹೊಲ ಜೋಳದ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಸವಳು!

ಬೆಳೆ ಬಾಡಿದಾಗಲೆಲ್ಲ ಗಂಡ ಭೀಮಪ್ಪ "ನೀರು ಸಾಲವಲ್ದು" ಎಂದು ಮತ್ತಷ್ಟು ನೀರು ಬಿಟ್ಟಿದ್ದ. ನೀರು ನಿಂತಷ್ಟೂ ಒಳಗಿನ ಉಪ್ಪು ಮೇಲೆ ಬಂತು...

"ಬಂದಷ್ಟಕ್ಕ ಮಾರಿ ಕೈ ತೊಳಕೊಳ್ಳೂಣು" ಎಂದ ಕೊನೆಗೆ. ಕಾಶವ್ವ ಒಪ್ಪದೆ, ಹೊಲದ ಮಣ್ಣು ಕಟ್ಟಿಕೊಂಡು ಕೃಷಿ ಇಲಾಖೆಗೆ ಹೋದಳು.

ಅಲ್ಲಿ ಮಣ್ಣು ಪರೀಕ್ಷೆ ಮಾಡಿದ ಮೇಡಂ ಧೈರ್ಯ ಹೇಳಿದರು. "ಭೂಮಿ ಸತ್ತಿಲ್ಲಮ್ಮ. ಮೊದಲು ಬಸಿಗಾಲುವೆ ತೋಡಿ ನೀರನ್ನ ಹಳ್ಳಕ್ಕೆ ಬಿಡಿ. ಆಮೇಲೆ ಜಿಪ್ಸಂ ಹಾಕಿ, ಡಯಂಚ ಅನ್ನೋ ಹಸಿರು ಗೊಬ್ಬರದ ಗಿಡ ಬಿತ್ತಿ, ಅದನ್ನ ಮಣ್ಣಿಗೆ ಸೇರಿಸಿ... ಸರಿಹೋಗುತ್ತೆ."

ಆದರೆ ಹಳ್ಳ ಇದ್ದದ್ದು ಪಕ್ಕದ ಶಂಕರಗೌಡರ ಹೊಲದ ಆಚೆ. ಬದುವಿನ ಜಗಳವಾಗಿ ಎರಡೂ ಮನೆಯವರು ಮಾತು ಬಿಟ್ಟು ವರ್ಷಗಳೇ ಆಗಿದ್ದವು!

"ಅವನ ಮುಂದ ನಾ ಕೈ ಒಡ್ಡಂಗಿಲ್ಲ" ಎಂದು ಭೀಮಪ್ಪ ಹಟ ಹಿಡಿದ.

ಎಳ್ಳಮಾವಾಸ್ಯೆ ಬಂತು. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಊಟ ಮಾಡುವ ದಿನ. ಅವತ್ತು ಹೊಲಕ್ಕೆ ಬಂದವರನ್ನು ಯಾರೂ ಹಾಗೇ ಕಳಿಸುವುದಿಲ್ಲ.

ಕಾಶವ್ವ ಆ ಬರಿ ನೆಲಕ್ಕೇ ಚರಗ ಚೆಲ್ಲಿದಳು. ಗಂಡ ಬೇಡ ಬೇಡ ಎನ್ನುತ್ತಿದ್ದಂತೆ ಬುತ್ತಿ ಹೊತ್ತು ಬದು ದಾಟಿಯೇಬಿಟ್ಟಳು...

"ಗೌಡ್ರ, ಸಜ್ಜಿ ರೊಟ್ಟಿ, ಎಣಗಾಯಿ ತಂದೀನ್ರಿ. ಉಣ್ರಿ. ನಮ್ಮ ನೀರು ಹಳ್ಳಕ್ಕ ಹೋಗಾಕ ನಿಮ್ಮ ಹೊಲದಾಗ ಒಂದು ದಾರಿ ಕೊಡ್ರಿ. ಇಲ್ಲಾಂದ್ರ ಹೊಲ ಮಾರೋದ ಆಗ್ತೈತಿ."

ಕಾಶವ್ವ ಬಡಿಸಿಕೊಟ್ಟ ತಾಟು ಹಿಡಿದೇ ಗೌಡರು ಎದ್ದು ಬದುವಿನ ಪಕ್ಕಕ್ಕೆ ನಡೆದರು. ಬಡಕಲು ಕಡಲೆ ಗಿಡಗಳನ್ನು ಸರಿಸಿ ತೋರಿಸಿದರು.

ಬುಡದಲ್ಲಿ ನೆಲ ಬೆಳ್ಳಗಾಗಿತ್ತು!

"ಸವಳು ನನ್ನ ಹೊಲಕ್ಕೂ ಬಂದೈತಿ ತಂಗಿ... ಇಬ್ರೂ ಕೂಡಿ ತೋಡೂಣು ಅಂತ ಹೇಳಾಕ ಎಷ್ಟೋ ಸಲ ಬದುವಿನ ತನಕ ಬಂದೆ. ನನ್ನ ಸೊಕ್ಕು ಅಡ್ಡ ಬಂತು" ಎಂದರು ಗೌಡರು.

ಆಚೆ ನಿಂತು ಕೇಳುತ್ತಿದ್ದ ಭೀಮಪ್ಪ ಕಣ್ಣೊರೆಸಿಕೊಳ್ಳುತ್ತ ಈಚೆ ಬಂದ. ಬಂದವನೇ ಗೌಡರ ತಾಟಿಗೇ ಕೈ ಹಾಕಿ ರೊಟ್ಟಿ ಮುರಿದ.

"ಇನ್ನಷ್ಟು ಎಣಗಾಯಿ ಹಾಕ ಕಾಶವ್ವ, ಇವಗ ಹಸಿವಿ ಭಾಳ ದಿನದ್ದೈತಿ!" ಎಂದರು ಗೌಡರು. ಮೂವರೂ ನಕ್ಕರು... ಅಳುತ್ತಲೇ.

ಬಸಿಗಾಲುವೆ ಹಳ್ಳ ಮುಟ್ಟಿದ ದಿನ ನೀರು ಗುಳುಗುಳು ಹರಿಯಿತು. ಕಾಶವ್ವ ಒಂದು ಹನಿ ನಾಲಿಗೆಗೆ ಮುಟ್ಟಿಸಿ ನೋಡಿದಳು. ಕಟು ಉಪ್ಪು!

"ಹೋಗು ನಮ್ಮವ್ವ, ಹೋಗು" ಎಂದು ಕೈಮುಗಿದಳು. ಎಷ್ಟೋ ವರ್ಷದ ಮೇಲೆ ಎದೆ ಹಗುರಾಯಿತು.

ಮುಂದಿನ ಮಳೆಗಾಲಕ್ಕೆ ಆ ಬಿಳಿ ನೆಲದಲ್ಲಿ ಡಯಂಚ ಸೊಂಟದೆತ್ತರ ಬಂತು. ಹೊಲ ಮಾರುವ ಮಾತನ್ನು ಭೀಮಪ್ಪ ಮತ್ತೆ ಎತ್ತಲಿಲ್ಲ.

*ಹೊಲವಿರಲಿ, ಮನಸ್ಸಿರಲಿ... ಒಳಗೆ ನಿಂತದ್ದು ಹರಿದು ಹೋದ ಮೇಲೇ ಅಲ್ಲಿ ಹಸಿರು ಹುಟ್ಟುವುದು.*

ನೀವು ಮಾತು ಬಿಟ್ಟಿರುವ ಆ ಒಬ್ಬರೂ ಇವತ್ತು ಬದುವಿನ ತನಕ ಬಂದು ನಿಂತಿರಬಹುದಲ್ಲವೇ?