ಒಂಬತ್ತನೆಯ ಹೂವು

"ಬ್ಯಾಗಲ್ಲಿ ಏನಿದೆ?" ಎಂದು ಕಾವಲುಗಾರ ಕೇಳಿದಾಗ ಟೈಲರಮ್ಮನ ಬಾಯಿಂದ ಸುಳ್ಳು ಸಲೀಸಾಗಿ ಹೊರಬಂತು.

"ಊಟದ ಡಬ್ಬಿ."

ಕಾವಲುಗಾರ ಬ್ಯಾಗನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿದ. ಎರಡೂವರೆ ಕಿಲೋ. "ಭಾರೀ ಊಟ" ಎನ್ನುತ್ತ ಚೀಟಿಯಲ್ಲಿ ಬರೆದುಕೊಂಡ. "ವಾಪಸ್ ಬರುವಾಗ ಇದಕ್ಕಿಂತ ಜಾಸ್ತಿ ತೂಗಬಾರ್ದು. ಕಮ್ಮಿಯಾದ್ರೆ ನನ್ನ ತಕರಾರಿಲ್ಲ. ಹಿಂದೊಮ್ಮೆ ಮಸೀದಿ ಕಲ್ಲೊಂದು ಕಳುವಾಗಿತ್ತು. ಅವತ್ತಿಂದ ಈ ಪದ್ಧತಿ."

ಆ ಕಲ್ಲೇ ಬ್ಯಾಗಿನಲ್ಲಿತ್ತು. ಕದ್ದವಳು ಎದುರಿಗೇ ನಿಂತು ತಲೆಯಾಡಿಸಿದಳು.

ಕೋಟೆಯ ಹೆಬ್ಬಾಗಿಲೆಂಬುದು ಹೆಸರಿಗಷ್ಟೇ. ಮರದ ಬಾಗಿಲು ಅಜ್ಜಂದಿರ ಕಾಲದಲ್ಲೇ ಹಾಳಾಗಿ, ಬರೀ ಕಲ್ಲಿನ ಕಮಾನು ಉಳಿದಿತ್ತು. ಬೆಟ್ಟದ ಗಾಳಿಯೂ ಮೇಕೆಗಳೂ ಚೀಟಿಯಿಲ್ಲದೆ ಓಡಾಡುತ್ತಿದ್ದವು. ಕಮಾನಿನ ಪಕ್ಕದ ಕಲ್ಲುಬೆಂಚಿನ ಮೇಲೆಯೇ ಒಂದು ಕಾಲದಲ್ಲಿ ಅವಳ ಅಪ್ಪ ಕಾವಲಿಗೆ ಕೂರುತ್ತಿದ್ದ. ಅಪ್ಪನಿಗೆ ಊಟ ತರುವ ಕೆಲಸ ಅವಳದು.

ಆಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಉಣ್ಣುವಷ್ಟು ಹೊತ್ತು ಕೋಟೆಯೊಳಗಿನ ಪಾಳುಬಿದ್ದ ಮಸೀದಿಯಲ್ಲಿ ಆಡುತ್ತಿದ್ದಳು. ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಿನ ಮೇಲೆ ಸಾಲಾಗಿ ಒಂಬತ್ತು ಕಲ್ಲುಹೂಗಳು. ಕೊನೆಯದು ಸಡಿಲವಾಗಿತ್ತು. ಬಿದ್ದ ಕಂಬದ ಮೇಲೆ ಹತ್ತಿ, ಅಲುಗಿಸಿದಳು, ಕೈಗೇ ಬಂತು. ಖಾಲಿ ಊಟದ ಚೀಲದಲ್ಲಿ ಹಾಕಿಕೊಂಡು ಅಪ್ಪನ ಎದುರೇ ನಡೆದುಬಂದಳು. ಮನೆಯಲ್ಲಿ ಹಳೇ ಲಂಗದಲ್ಲಿ ಸುತ್ತಿ, ಆಟದ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು.

ಆ ವಾರ ಅಪ್ಪನಿಗೆ ಗ್ರಹಚಾರ ಒಕ್ಕರಿಸಿದಂತಾಯಿತು. ಮೊದಲು ಎಡಗೈ ಹೆಬ್ಬೆರಳು ಜಜ್ಜಿಹೋಯಿತು; ಕೋಟೆ ಬಾಗಿಲಿಗೆ ಸಿಕ್ಕಿತೆಂದ. ಎರಡು ದಿನಕ್ಕೆ ಕೆಲಸವೇ ಹೋಯಿತು. ಯಾಕೆಂದು ಅಪ್ಪ ಹೇಳಲಿಲ್ಲ. ಅವಳಿಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಮುಂದೆ ಅಪ್ಪ ದವಸದ ಮಂಡಿಯಲ್ಲಿ ಮೂಟೆ ಹೊತ್ತ. ಬೆನ್ನು ಬಾಗಿತು. ಪೆಟ್ಟಿಗೆ ಬಿಚ್ಚುವ ಧೈರ್ಯ ಬರಲು ವರ್ಷಗಳೇ ಹಿಡಿದವು. ಬಾಯಿ ಬಿಚ್ಚುವ ಧೈರ್ಯ ಬರಲೇ ಇಲ್ಲ. "ಒಂದ್ಸಲ ಮಸೀದಿ ನೋಡ್ಕೊಂಡು ಬರೋಣ ಬಾರೇ ಪುಟ್ಟಿ" ಎಂದು ಅಪ್ಪ ಪ್ರತಿವರ್ಷ ಕರೆಯುತ್ತಿದ್ದ. ಅವಳಿಗೆ ಪ್ರತಿವರ್ಷವೂ ಹೊಲಿಯಬೇಕಾದ ಅರ್ಜೆಂಟ್ ಬಟ್ಟೆ ಇರುತ್ತಿತ್ತು.

ಹೋದ ತಿಂಗಳು ಅಪ್ಪ ಕಣ್ಣುಮುಚ್ಚಿದ. ಕೊನೆಗೆ ಹೇಳಿದ್ದೂ ಅದನ್ನೇ. "ನೀನೊಬ್ಬಳಾದ್ರೂ ಹೋಗು. ಆ ಹೂಗಳನ್ನ ಎಣಿಸ್ಕೊಂಡು ಬಾ."

ಆ ಮಾತು ಅವಳನ್ನು ಇರಿಯಿತು. ಎಣಿಸಿದರೆ ಎಂಟೇ ಸಿಗುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈಗ ಅವಳು ಬಂದು ನಿಂತ ಮಸೀದಿಗೆ ಸೂರಿರಲಿಲ್ಲ. ನೆಲದ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಅವಳು ಕಲ್ಲನ್ನು ಹೊರಗೆ ತೆಗೆದು, ಗೂಡಿನತ್ತ ತಲೆಯೆತ್ತಿದಳು. ಎಣಿಸಿದಳು.

ಒಂಬತ್ತು.

ಹೊಲಿಗೆ ಎಣಿಸುವವಳಂತೆ ಒಂದೊಂದಕ್ಕೂ ಬೆರಳು ತೋರಿಸಿ ಮತ್ತೆ ಎಣಿಸಿದಳು. ಒಂಬತ್ತೇ.

"ಊಟ ಆಯ್ತಾ ಅಮ್ಮಾ?" ಹಿಂದೆ ಕಾವಲುಗಾರ ನಿಂತಿದ್ದ. ಅವನ ಕಣ್ಣು ಅವಳ ಕೈಯ ಕಲ್ಲಿನ ಮೇಲಿತ್ತು.

ಅವಳು ಅಡಗಿಸಲಿಲ್ಲ. "ಕಳುವಾದ ಕಲ್ಲು... ಆಮೇಲೆ ಹೊಸದು ಕೂರಿಸಿದ್ರಾ?"

"ಹೊಸದೆಲ್ಲಿಂದ? ಅದೇ ಕಲ್ಲು. ನಾಲ್ಕೇ ದಿನಕ್ಕೆ ಬಂತು. ನಾನಾಗ ಹೊಸದಾಗಿ ಸೇರಿದ್ದೆ. ಇಲ್ಲಿದ್ದ ಕಾವಲುಗಾರನೇ ತಂದು ಸಾಹೇಬರ ಮೇಜಿನ ಮೇಲಿಟ್ಟ. ಸುಮ್ಮನಿದ್ದಿದ್ರೆ ಯಾರೂ ಅವನನ್ನ ಕೇಳ್ತಿರಲಿಲ್ಲ. ಸಾಹೇಬರೂ ಒಳ್ಳೆಯವರು. 'ಮಕ್ಕಳು ಗಿಕ್ಕಳು ಆಡೋಕೆ ತಗೊಂಡಿದ್ರೆ ಹೇಳಯ್ಯ, ಬಿಟ್ಟುಬಿಡೋಣ' ಅಂದ್ರು. 'ಮಕ್ಕಳ ಸುದ್ದಿ ಎತ್ತಬೇಡಿ, ಕದ್ದೋನು ನಾನೇ' ಅಂತ ಪಟ್ಟು ಹಿಡಿದ. ಕೆಲಸ ಹೋಯ್ತು."

ಉರುಳಿಬಿದ್ದಿದ್ದ ಕಂಬದ ಮೇಲೆ ಅವಳು ಕೂತಳು. "ಹಾಗಾದ್ರೆ ಇದು?"

ಕಾವಲುಗಾರ ಕಲ್ಲನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. ಒಮ್ಮೆ ಅದನ್ನು, ಒಮ್ಮೆ ಗೋಡೆಯನ್ನು ನೋಡಿದ. "ಇದು ಕೋಟೆ ಕಲ್ಲೇ ಅಲ್ಲ ಅಮ್ಮಾ. ಕೆಳಗೆ ಹೊಳೇದಂಡೆಯ ಮೆದುಕಲ್ಲು. ಆ ಹೂಗಳಿಗೆ ಎಂಟೆಂಟು ಎಸಳು, ಇದಕ್ಕೆ ಏಳೇ. ಉಳಿ ಹಿಡಿದು ಗೊತ್ತಿಲ್ಲದ ಯಾರೋ ಅವಸರದಲ್ಲಿ ಕೆತ್ತಿದ್ದಾರೆ. ಇಲ್ಲಿ ನೋಡಿ, ಏಟು ಜಾರಿದೆ. ಪಾಪ, ಬೆರಳಿಗೇ ಬಿದ್ದಿರಬೇಕು."

ಅವಳು ಕೆಳಗಿನ ಹೆಬ್ಬಾಗಿಲಿನತ್ತ ನೋಡಿದಳು. ಕಮಾನಿನಡಿಯಿಂದ ಮೇಕೆಗಳು ನಿರಾಳವಾಗಿ ಒಳಬರುತ್ತಿದ್ದವು.

ಅಪ್ಪನ ಹೆಬ್ಬೆರಳು ಸಿಕ್ಕಿಕೊಳ್ಳಲು ಈ ಕೋಟೆಗೆ ಬಾಗಿಲೇ ಇರಲಿಲ್ಲ.