ಒಲೆ ಅಂಗಡಿಯ ಕಾಫಿ

ಮೂರನೆಯ ಬಟ್ಟಲು ಕಾಫಿಯನ್ನೂ ಅಂಗಡಿಯ ರಸೀಮ್ ತಾನೇ ತಂದು ಅವಳ ಮುಂದಿಟ್ಟ. ರಸ್ತೆಯಾಚೆ ಸಿಗರೇಟಿನ ಗೂಡಂಗಡಿಯ ಮರೆಯಲ್ಲಿ ನಿಂತಿದ್ದ ಉರ್ಮಾಸನ ಹೊಟ್ಟೆಗೆ ಬೆಂಕಿ ಬಿತ್ತು. ಒಲೆ ಅಂಗಡಿಯೊಳಗೆ ಕೂತಿದ್ದವಳು ಅವನ ಹೆಂಡತಿ ಲೀವಿ.

ಎಸ್ಟೋನಿಯಾ ಬಿಟ್ಟು ಇಬ್ಬರೂ ನಮ್ಮ ಸರಾಯೆವೊಗೆ ಬಂದದ್ದು ಹೋದ ವರ್ಷ. ಲೀವಿ ಮಣ್ಣಿನ ಹೂಜಿ, ತಟ್ಟೆ ಮಾಡಿ ಮಾರುವವಳು. ಅವನ್ನು ಸುಡುವ ಕರೆಂಟ್ ಒಲೆಯನ್ನು ರಸೀಮನ ಅಂಗಡಿಯಲ್ಲಿ ಕೊಂಡರು. ತಮ್ಮೂರಲ್ಲಿದ್ದ ಕಾರು ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಮನೆಗೆ ಬಂದ ಒಲೆ ಒಂದು ಬನ್ನನ್ನೂ ಬಿಸಿ ಮಾಡಲಿಲ್ಲ.

ಮೊದಮೊದಲು ದೂರು ಹೇಳಲು ಉರ್ಮಾಸನೇ ಹೋಗುತ್ತಿದ್ದ. ರಸೀಮ್ ಪತ್ರಿಕೆಯಿಂದ ಮುಖ ಎತ್ತದೆ, ರಿಪೇರಿಯವನು ನಾಳೆ ಬರುತ್ತಾನೆ ಅನ್ನುತ್ತಿದ್ದ. ಕೂರಿ ಅಂದವನಲ್ಲ, ಕಾಫಿಯ ಮಾತಂತೂ ದೂರ. ಬೀದಿಯಲ್ಲಿ ಹೋಗುವವನನ್ನೂ ಕರೆದು ಕಾಫಿ ಕೊಡುವ ಊರು ಇದು. ಆ ಅವಮಾನ ನುಂಗಲಾಗದೆ ಅವನು, ಇನ್ನು ನೀನೇ ಹೋಗು ಎಂದು ಹೆಂಡತಿಗೆ ಹೇಳಿದ. ಹೇಳಿದ್ದೇ ತಪ್ಪಾಯಿತು.

ಬೆಳಿಗ್ಗೆ ಹೋದ ಲೀವಿ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಬಂದರೆ ಬಟ್ಟೆಯೆಲ್ಲ ಕಾಫಿಯ ವಾಸನೆ. ಒಲೆ ಏನಾಯಿತು ಎಂದರೆ, ಆಗುತ್ತೆ ಬಿಡು ಎಂದು ನಗುತ್ತಿದ್ದಳು. ರಸೀಮನಿಗೆ ಹೆಂಡತಿಯಿಲ್ಲ. ಮೀಸೆಯಿದೆ, ಹಾಡುವ ದನಿಯಿದೆ. ಉರ್ಮಾಸನಿಗೆ ಎರಡೂ ಇಲ್ಲ.

ಇವತ್ತು ಹಿಂಬಾಲಿಸಿ ಬಂದಿದ್ದ. ಗಾಜಿನೊಳಗೆ ಎಲ್ಲವೂ ಕಾಣುತ್ತಿತ್ತು. ಮೊದಲ ಬಟ್ಟಲಿನ ಜೊತೆ ಸಿಹಿ ಬಂತು. ಎರಡನೆಯದರ ಜೊತೆ ಮಾತು ನಡೆಯಿತು. ಮೂರನೆಯದಕ್ಕೆ ಸಿಹಿಯೂ ಇಲ್ಲ, ಮಾತೂ ಇಲ್ಲ. ರಸೀಮ್ ಕೂರಲಿಲ್ಲ. ಅವಳ ಪಕ್ಕದಲ್ಲೇ ನಿಂತು, ಎದೆಯ ಮೇಲೆ ಕೈಯಿಟ್ಟು, ಬೇಡಿಕೊಳ್ಳುವಂತೆ ಬಗ್ಗಿದ. ಲೀವಿ ಕುರ್ಚಿಗೆ ಒರಗಿ ಹಾಯಾಗಿ ಹೀರತೊಡಗಿದಳು.

ಅವನ ಮೇಲೆ ಮನಸ್ಸಿದೆಯಾ ಎಂದು ಇನ್ನು ಕೇಳಿಯೇ ಬಿಡುವುದು. ಹೌದು ಎಂದರೆ ಒಬ್ಬನೇ ಊರಿಗೆ ಹೊರಡುವುದು. ಅವಳಿಲ್ಲದ ಮನೆಯನ್ನು ನೆನೆದು ಉರ್ಮಾಸನಿಗೆ ಅಳುವೇ ಬಂತು. ಆದರೂ ಬಾಗಿಲು ದೂಡಿದ.

“ನಂಗೆ ಒಂದು ಲೋಟ ನೀರೂ ಕೊಡ್ಲಿಲ್ಲ ನೀವು. ನನ್ನ ಹೆಂಡ್ತಿಗೆ ಮೂರು ಮೂರು ಸಲ ಕಾಫಿ. ಏನ್ರೀ ನಡೀತಿದೆ ಇಲ್ಲಿ?”

ರಸೀಮ್ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ.

“ಬಂದ್ರಾ ಯಜಮಾನ್ರೇ? ನಿಮ್ಮ ದಮ್ಮಯ್ಯ, ಇವ್ರನ್ನ ಕರ್ಕೊಂಡ್ ಹೋಗಿ. ಮೊದಲ್ನೇ ಕಾಫಿ ಬಂದೋರಿಗೆ ಮರ್ಯಾದೆ, ಎರಡನೇದು ಮಾತಾಡೋಕೆ. ಮೂರನೇದು ಇಟ್ರೆ, ಇನ್ನು ಎದ್ದು ಹೋಗಿ ಅಂತ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಇವ್ರು ದಿನಾ ಅದನ್ನೂ ಕುಡಿದು ಇಲ್ಲೇ ಕೂತಿರ್ತಾರೆ. ಬಂದ ಗಿರಾಕಿಗೆಲ್ಲ ಕೆಟ್ಟ ಒಲೆ ಕಥೆ ಹೇಳ್ತಾರೆ. ಬಾಯಿಬಿಟ್ಟು ಹೋಗಿ ಅನ್ನೋಕೆ ನಮ್ಮಲ್ಲಿ ಆಗಲ್ಲ.”

ಉರ್ಮಾಸನಿಗೆ ಹೋದ ಜೀವ ಬಂದಂತಾಯಿತು. ಪರದೇಶದ ಪದ್ಧತಿ ಪಾಪ ಇವಳಿಗೇನು ಗೊತ್ತು ಎಂದುಕೊಂಡು, ಹೆಂಡತಿಯ ಕಡೆ ಬಗ್ಗಿ, ಮೂರನೆಯ ಕಾಫಿ ಯಾಕೆ ಕೊಡುತ್ತಾರೆಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಬಿಡಿಸಿ ಹೇಳಿದ.

“ಮೊದಲ ದಿನದಿಂದಾನೂ ಗೊತ್ತು,” ಎನ್ನುತ್ತಾ ಲೀವಿ ಖಾಲಿ ಬಟ್ಟಲನ್ನು ರಸೀಮನತ್ತ ಚಾಚಿದಳು. “ಇನ್ನೊಂದು ಹಾಕಿ. ನಮ್ಮನೆ ಒಲೆ ಕಾಯೋವರೆಗೂ ನಾನು ಏಳಲ್ಲ.”