ತೊಳೆದು ಕೊಟ್ಟ ಕಾರು

ಕಳಲೆಯ ಗುರುಮಲ್ಲಪ್ಪನವರ ಮನೆ ಗೇಟಿನ ಮುಂದೆ ಬೈಕು ನಿಲ್ಲಿಸಿದ ಮದನ್ ಮತ್ತೊಮ್ಮೆ ಜೇಬು ಮುಟ್ಟಿ ನೋಡಿಕೊಂಡ. ಕಾಗದ ಇತ್ತು. ಅದನ್ನು ಕೊಟ್ಟರೆ ಕೆಲಸ ಹೋಗುತ್ತದೆ. ಕೊಡದಿದ್ದರೆ ಯಾರದಾದರೂ ಜೀವವೇ ಹೋದೀತು. ಮೂರು ವಾರದಿಂದ ಅವನಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಅವನು ನಂಜನಗೂಡಿನ ಒಂದು ಕಾರ್ ಶೋರೂಮಿನವನು. ಸಣ್ಣ ಶೋರೂಮು, ಕಾರು ಮಾರುವವನೂ ಅವನೇ, ಕೆಟ್ಟರೆ ದೂರು ಬರೆದುಕೊಳ್ಳುವವನೂ ಅವನೇ. ಎಂಟು ತಿಂಗಳ ಹಿಂದೆ ಗೊಬ್ಬರದ ವ್ಯಾಪಾರಿ ಗುರುಮಲ್ಲಪ್ಪ ಅವನಿಂದಲೇ ಹೊಸ ಮಾದರಿಯ ಕಾರು ಕೊಂಡಿದ್ದರು. ಮುಂದಿನ ಗಾಜಿನ ಮೇಲ್ತುದಿಯಲ್ಲಿ ಒಂದು ಕ್ಯಾಮೆರಾ. ದಾರಿಗೆ ಏನಾದರೂ ಅಡ್ಡ ಬಂದರೆ ಅದೇ ನೋಡಿ, ಕಾರು ತಾನೇ ಬ್ರೇಕು ಹಾಕಿಕೊಳ್ಳುತ್ತದೆ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರಿಗೆ ಇದೆಲ್ಲ ಯಾಕೆ ಬೇಕಿತ್ತೋ. ಮದನನ ಮಾತಿನ ಮೋಡಿ ಹಾಗಿತ್ತು.

ತಿಂಗಳು ಕಳೆಯುವಷ್ಟರಲ್ಲಿ ದೂರು ಬಂತು.

"ಮುಂದೆ ಒಂದು ನಾಯೀನೂ ಇರಲ್ಲ ಕಣ್ರೀ. ದಡಕ್ಕನೆ ಬ್ರೇಕ್ ಹಿಡ್ದುಬುಡ್ತದೆ. ಅದ್ರಲ್ಲೂ ಸೋಮವಾರ ನರಸೀಪುರಕ್ಕೆ ಹೊಂಟ್ರೆ ಸಾಕು, ಇದೇ ಕಾಟ."

"ಕಾರಿಗೂ ವಾರ ಗೊತ್ತಾಗುತ್ತಾ ಸರ್?" ಎಂದಿದ್ದ ಮದನ್. ಸುತ್ತ ನಿಂತವರು ನಕ್ಕಿದ್ದರು. ಗುರುಮಲ್ಲಪ್ಪನವರೂ ಪೆಚ್ಚಾಗಿ ನಕ್ಕಿದ್ದರು. ಆ ನಗು ನೆನಪಾದಾಗಲೆಲ್ಲ ಮದನನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಕ್ಕರೂ ಅವನು ಕಂಪನಿಗೆ ಬರೆದಿದ್ದ. ಉತ್ತರ ಬಂತು. ಇಂಥ ದೂರು ಬೇರೆ ಕಡೆಯಿಂದಲೂ ಬಂದಿದೆ. ದೂರಿನ ಗಾಡಿಯನ್ನು ಮೊದಲು ತೊಳೆಯಿರಿ, ಆಮೇಲೆ ಪರೀಕ್ಷಿಸಿ. ಗ್ರಾಹಕರಿಗೆ ಅವರು ಓಡಿಸುವ ರೀತಿ ಸರಿಯಿಲ್ಲವೆಂದು ತಿಳಿಸಿ. ಬರವಣಿಗೆಯಲ್ಲಿ ಏನನ್ನೂ ಕೊಡಬೇಡಿ. ಥಳಥಳ ಹೊಳೆಯುವ ಗಾಡಿ ಕಂಡರೆ ಗಿರಾಕಿ ತಣ್ಣಗಾಗುತ್ತಾನೆ ಎಂಬ ಉಪಾಯವಿರಬೇಕು ಎಂದುಕೊಂಡ ಮದನ್, ಹೇಳಿದಂತೆ ಮಾಡಿದ.

ಆಮೇಲೆ ಗುರುಮಲ್ಲಪ್ಪ ನಾಲ್ಕು ಸಲ ಬಂದರು. ನಾಲ್ಕು ಸಲವೂ ವಾಟರ್ ಸರ್ವಿಸ್ ಮಾಡಿಸಿ ಓಡಿಸಿ ನೋಡಿದರೆ, ಕಾರು ಹಾಲು ಕುಡಿದ ಮಗುವಿನ ಹಾಗೆ ತೆಪ್ಪಗಿತ್ತು. "ನಿಮ್ಮ ಡ್ರೈವಿಂಗ್ ಸ್ವಲ್ಪ ಸರಿ ಮಾಡ್ಕೊಳ್ಳಿ ಸರ್," ಎಂದು ಕೀ ಕೈಗಿಟ್ಟು ಕಳಿಸುತ್ತಿದ್ದ.

ಮೂರು ವಾರದ ಹಿಂದೆ, ಸೋಮವಾರ, ಸೋಸಲೆ ಹತ್ತಿರ ಕಾರು ಮತ್ತೆ ಖಾಲಿ ರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ನಿಲ್ಲಲಿಲ್ಲ. ಸುದ್ದಿ ತಂದ ಮೆಕ್ಯಾನಿಕ್ ನಂಜುಂಡನ ಮುಖ ನೋಡಲಾಗದೆ ಮದನ್ ಸ್ಟೋರ್ ರೂಮಿಗೆ ಹೋಗಿ ಕೂತಿದ್ದ. ಗುರುಮಲ್ಲಪ್ಪನವರನ್ನು ಸೇರಿಸಿದ್ದ ಆಸ್ಪತ್ರೆಯ ಕಡೆಗೆ ತಲೆ ಹಾಕುವ ಧೈರ್ಯವೂ ಅವನಿಗಾಗಲಿಲ್ಲ.

ಈಗ ಜಗಲಿಯ ಮೇಲೆ ಗುರುಮಲ್ಲಪ್ಪ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ರಿಪೇರಿಯಾದ ಕಾರು ಶನಿವಾರವಷ್ಟೇ ಬಂದು ಅಂಗಳದಲ್ಲಿ ನಿಂತಿತ್ತು. ಹತ್ತು ಗಂಟೆಗೆ ಮಗಳು ನಯನ ಅದರಲ್ಲೇ ಅಪ್ಪನನ್ನು ಮೈಸೂರಿನ ಡಾಕ್ಟರ ಬಳಿ ಕರೆದೊಯ್ಯುವವಳಿದ್ದಳು.

"ಬನ್ನಿ ಮದನ್, ಕೂತ್ಕೊಳ್ಳಿ," ಎಂದರು ಗುರುಮಲ್ಲಪ್ಪ. "ನೀವು ಹೇಳಿದ್ದೇ ಸರಿ ಕಣ್ರೀ. ನಂಗೆ ವಯಸ್ಸಾಯ್ತು. ಕೀ ಮಗಳ ಕೈಗೆ ಕೊಟ್ಬುಟ್ಟೆ. ಇನ್ನು ಗಾಡಿ ಮುಟ್ಟಲ್ಲ."

ಅವರು ಬೈದಿದ್ದರೆ ಮದನ್ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಕಂಪನಿಯ ಕಾಗದ ತೆಗೆದು ಅವರ ಕೈಗಿಟ್ಟ.

"ನಿಮ್ಮ ಡ್ರೈವಿಂಗ್ ಸರಿಯಾಗೇ ಇತ್ತು ಸರ್. ದೋಷ ಗಾಡೀದು. ಕಂಪ್ನಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಇದನ್ನ ಕೋರ್ಟಿಗೆ ಕೊಡಿ. ಇವತ್ತು ಮಾತ್ರ ನಯನ ಅವರು ಈ ಗಾಡಿ ತೆಗೆಯೋದು ಬೇಡ."

ಗುರುಮಲ್ಲಪ್ಪ ಎರಡು ಸಲ ಓದಿದರು.

"ಮನೇವ್ರೆಲ್ಲ ಸೇರಿ ತಪ್ಪು ನಂದೇ ಅಂದ್ರಲ್ರೀ," ಎಂದರು. ಕೈ ಚಾಚಿ ಮದನನ ಬೆನ್ನು ಸವರಿದರು. "ಹೋಗ್ಲಿ ಬುಡಿ. ಮಾಡ್ದೋರು ಕಂಪ್ನಿಯೋರು. ಇದ್ರಲ್ಲಿ ನಿಮ್ದೇನಿದೆ?"

ಮದನನ ಎದೆಯ ಮೇಲಿನ ಭಾರ ಇಳಿಯಿತು. ಕೆಲಸ ಹೋದರೆ ಹೋಗಲಿ, ಇವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದುಕೊಂಡು ಅಂಗಳಕ್ಕೆ ಇಳಿದ.

ಗುರುಮಲ್ಲಪ್ಪನವರ ಹೆಂಡತಿ ಗುರುಬಸಮ್ಮ ಪೂಜೆ ಮುಗಿಸಿ ಬಂದು ಕಾರಿನ ಮುಂದೆ ನಿಂತಿದ್ದರು. ನೀರಲ್ಲಿ ಕಲಸಿದ ವಿಭೂತಿಗೆ ಮೂರು ಬೆರಳು ಅದ್ದಿ, ತುದಿಗಾಲಲ್ಲಿ ನಿಂತು, ಗಾಜಿನ ಮೇಲ್ತುದಿಗೆ, ಕ್ಯಾಮೆರಾದ ನೋಟಕ್ಕೆ ಅಡ್ಡವಾಗುವಂತೆ ದಪ್ಪನೆ ಮೂರು ಗೆರೆ ಎಳೆದರು.

ಮೊದಲು ತೊಳೆಯಿರಿ ಎಂದು ಕಂಪನಿಯವರು ಬರೆದದ್ದು ಯಾಕೆಂದು ಮದನನಿಗೆ ಆಗ ಹೊಳೆಯಿತು.

"ಅಲ್ಲಿಗೆ ಯಾಕಮ್ಮ ಹಚ್ತೀರಾ?" ಎಂದ.

"ಗಾಡಿ ಕೊಟ್ಟ ದಿನ ನೀನೇ ಅಲ್ವೇನಪ್ಪ ತೋರಿಸ್ಕೊಟ್ಟಿದ್ದು, ಅಮ್ಮಾ, ಇದೇ ಗಾಡಿಯ ಮೂರನೇ ಕಣ್ಣು ಅಂತ? ಅವತ್ತಿಂದ, ಗಾಡಿ ಮನೇಲಿದ್ದ ಒಂದು ಸೋಮವಾರನೂ ತಪ್ಪಿಸಿಲ್ಲ ಕಣಪ್ಪ."